ಒಲೆಯ ವರದಿ

ಮೊದಲ ಸಲ ಬರೆದದ್ದು ಹೀಗೆ:
"ಅನಿರೀಕ್ಷಿತ ಹವಾಮಾನದ ಕಾರಣದಿಂದಾಗಿ
ಸರಕೊಂದು ಸಮುದ್ರದ ಪಾಲಾಗಿರುವುದು
ಬಹುಶಃ ಕಂಡುಬಂದಿರುತ್ತದೆ."

ಬಂದರು ಕಚೇರಿಯ ರೊಸೆಂದಾ ಕಾರ್ಕಮೊ
ಕನ್ನಡಕ ಹಣೆಗೇರಿಸಿ ಓದಿದಳು.
"ಯಾವ ಸರಕು?"
ಒಲೆ, ಎಂದೆ. ಕಬ್ಬಿಣದ್ದು. ದ್ವೀಪದ ಶಾಲೆಯದು.
"ಹಾಗಾದರೆ ಒಲೆ ಅಂತಲೇ ಬರಿ."

ಎರಡನೆಯದರಲ್ಲಿ ಒಲೆ ಬಂತು, ಗಾಳಿ ದೊಡ್ಡದಾಯಿತು.
ಅಲೆಗೆ ಮನೆಯೆತ್ತರ, ಮುಗಿಲಿಗೆ ಇದ್ದಿಲ ಬಣ್ಣ;
ಪುಟ ತುಂಬಿತು. ಕೈ ತಾನಾಗಿ ಓಡುತ್ತಿತ್ತು,
ಸುಳ್ಳಿಗೆ ಯಾವತ್ತೂ ಇಳಿಜಾರು.
ಅವಳು ಗೋಡೆಯ ಹವಾಪಟ್ಟಿಗೆ ಬೆರಳಿಟ್ಟಳು:
ಆ ಮಂಗಳವಾರ ಚಿಲೊಯೆಯ ಮೂಡಣ ಕಡಲು
ಆರಿದ ಗಂಜಿಯ ಹಾಗೆ ಕೆನೆಗಟ್ಟಿ ಮಲಗಿತ್ತು.

ಮೂರನೆಯದು: "ಹಗ್ಗ ಕಟ್ಟಲ್ಪಟ್ಟಿರಲಿಲ್ಲ."
"ಯಾರಿಂದ?"

ಕಿಟಕಿಯ ಕಡೆ ನೋಡಿದೆ. ಹೊರಗೆ ನಮ್ಮ ದೋಣಿ,
ಆಲೂಗಡ್ಡೆ ಮೂಟೆ ಮೂಸುತ್ತಿದ್ದ ನಾಯಿ.
ಅಪ್ಪ ಕಲಿಸಿದ ಗಂಟು ಬೆರಳಲ್ಲೇ ಇತ್ತು,
ಹಾಕಲು ಅರ್ಧ ನಿಮಿಷ ಸಾಕು.
ವಾಕ್ಯಕ್ಕೂ ಅಷ್ಟೇ ಸಾಕಿತ್ತೇನೋ;
ನನ್ನ ಹೆಸರೊಂದು ಬಿಟ್ಟು
ಗೊತ್ತಿದ್ದ ಪದವನ್ನೆಲ್ಲ ಖರ್ಚು ಮಾಡಿದ್ದೆ.

ಪೆನ್ನು ಒತ್ತಿ ಬರೆದೆ, ಕೆಳಗಿನ ಹಾಳೆಗೂ ಅಚ್ಚು ಬೀಳುವಂತೆ:
"ಒಲೆಗೆ ಹಗ್ಗ ಬಿಗಿಯಬೇಕಾದವನು ನಾನು.
ಬಿಗಿಯಲಿಲ್ಲ. ರೇಡಿಯೊದಲ್ಲಿ ಪಂದ್ಯ ಕೇಳುತ್ತಿದ್ದೆ.
ದೋಣಿ ತಿರುಗಿತು. ಒಲೆ ಜಾರಿತು.
ಈ ಚಳಿಗೆ ಹದಿನಾಲ್ಕು ಮಕ್ಕಳಿಗೆ ಬೆಂಕಿಯಿಲ್ಲ.
ಎಲಿಸೆಯೊ ಮಾನ್ಸಿಯಾ, ದೋಣಿಯಾಳು."

ರೊಸೆಂದಾ ಹೊಗಳಲಿಲ್ಲ. ಮುದ್ರೆಯೊತ್ತಿದಳು.
ಎರಡು ತಿಂಗಳ ಕೂಲಿ ಮುರಿದುಕೊಂಡರು.
ಮನಸ್ಸು ಹಗುರಾಯಿತು ಅಂತ ಬರೆದರೆ
ಮತ್ತೆ ಮೊದಲ ಕರಡಿಗೇ ವಾಪಸು ಹೋದಂತೆ.
ಹಗುರಾಗಲಿಲ್ಲ. ಅಕ್ಷರ ಮಾತ್ರ
ಕೂತ ಜಾಗದಿಂದ ಅಲುಗಾಡಲಿಲ್ಲ.

ಈಗ ಶಾಲೆಯ ಮೇಷ್ಟ್ರಿಗೆ ಕಾಗದ ಬರೆಯುತ್ತಿದ್ದೇನೆ,
ದೀಪದ ಬುಡದಲ್ಲಿ, ಒದ್ದೆ ಬೂಟು ಕಳಚದೆ:
ಭಾನುವಾರ ಸೌದೆ ತರುತ್ತೇನೆ,
ಜೊತೆಗೆ ಚಿಕ್ಕಮ್ಮನ ಹಳೆಯ ಒಲೆ.
ಅದರ ಒಂದು ಕಾಲು ಮುರಿದಿದೆ, ಇಟ್ಟಿಗೆ ಇಡಬೇಕು.
ಈ ಸಲ ಹಗ್ಗ ಎರಡು ಸುತ್ತು.
ಮಕ್ಕಳು ಬಹುಶಃ ನನ್ನೊಡನೆ ಮಾತಾಡುತ್ತಾರೆ.

ಆ 'ಬಹುಶಃ' ಹೊಡೆದುಹಾಕಲು ಹೋದೆ.
ಬಿಟ್ಟೆ.
ಅದು ನನಗೆ ನಿಜವಾಗಿ ಗೊತ್ತಿಲ್ಲ.