ಪರಖಿ

ಕಲಬುರಗಿ ಗಂಜಿನಲ್ಲಿ ಚಂದ್ರಶಾ ದಂಡೋತಿಯವರ ಪರಖಿ
ಚೀಲದ ಹೊಟ್ಟೆಗೆ ಹೋಗಿ ಬಂದರೆ ಮುಗಿಯಿತು:
ಅಂಗೈಯಲ್ಲಿ ಇಪ್ಪತ್ತು ತೊಗರಿ ಕಾಳು,
ಒಂದನ್ನು ಹಲ್ಲಿಗೆ ಕೊಟ್ಟು, ಕಟ್ ಅಂದ ಸದ್ದು ಕೇಳಿ
ರೇಟು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಮಳೆಗಾಲಕ್ಕೆ ಗಂಜು ಖಾಲಿ.
ಆಗ ಭಾನುವಾರದ ನಸುಕಿನ ರೈಲು, ಮಲಕಪೇಟೆಯ ಕುದುರೆ.
ಒಮ್ಮೆ ನನ್ನನ್ನೂ ಕರೆದರು, ಬುತ್ತಿ ಹೊರಲಿಕ್ಕೆ ಅಂದುಕೊಂಡೆ.
ವಾಡಿ ದಾಟಿದ ಮೇಲೆ ತೂಕದ ಚೀಟಿ ತಿರುವಿ
ಪೆನ್ಸಿಲಿನಲ್ಲಿ ಐದು ಗೆರೆ ಎಳೆದರು.

“ಜಾಕ್‌ಪಾಟ್ ಅಂದ್ರ ಐದು ಚೀಲ, ತಮ್ಮಾ. ಐದೂ ಪಾಸಾಗಬೇಕು.
ನಾಲ್ಕು ಬಂಗಾರ, ಒಂದರಾಗ ಹುಳ, ಲಾಟು ವಾಪಸ್.
ರೇಸಿಗೆ ಎರಡೆರಡು ಕುದುರಿ ಹಿಡಿದರ ಮೂವತ್ತೆರಡು ಟಿಕೀಟು,
ಹತ್ತರಂಗ ಮುನ್ನೂರಿಪ್ಪತ್ತು. ಬರ್ಕೊ.
ಎರಡರಾಗ ಒಂದು ಬರೂದು ಅರ್ಧಕ್ಕರ್ಧ.
ಅರ್ಧದಾಗ ಅರ್ಧ, ಅದರಾಗ ಮತ್ತರ್ಧ…”

ತಾಂಡೂರಿನ ಕಲ್ಲಿನ ರಾಶಿ ಕಾಣುವಷ್ಟರಲ್ಲಿ
ಮೂವತ್ತೆರಡು ಭಾನುವಾರಕ್ಕೊಮ್ಮೆ ಎಂಬಲ್ಲಿಗೆ ಬಂದಿದ್ದೆವು.
“ಹಂಗಾರ ಬಂದ ದಿನ ಎಷ್ಟು ಬರಬೇಕು?”
ಗುಣಿಸಿದೆ: ಹತ್ತು ಸಾವಿರದ ಇನ್ನೂರ ನಲವತ್ತು.
“ಅದಕ್ಕ ಒಂದು ರೂಪಾಯಿ ಕಮ್ಮಿ ಬಂದರೂ
ಗೆದ್ದಾಂವ ದುಬಾರಿ ಮಾಲು ತಗೊಂಡಾನ ಅಂತ ತಿಳಿ.”

ಅವತ್ತು ಐದೂ ಬಂದವು.
ಐದೂ ಊರೆಲ್ಲ ಹಿಡಿದ ಕುದುರೆ,
ಸೋಡಾ ಮಾರುವವನೂ ಹಿಡಿದದ್ದು.
ಕಟಕಟೆ ಹತ್ತಿ ಕಿರುಚಿದೆ ನಾನು, ಒಂದು ಚಪ್ಪಲಿ ಎತ್ತ ಹೋಯಿತೋ.
ಎಲ್ಲರಿಗೂ ಹಂಚಿದಾಗ ನಮ್ಮ ಪಾಲು ನಾಲ್ಕು ಸಾವಿರದ ಚಿಲ್ಲರೆ.
ಅವರು ಎಣಿಸಿದರು, ಮಡಚಿದರು,
“ಸೋತ್ವಿ” ಅಂದರು.

ತಿಂಗಳಾದ ಮೇಲೆ, ಹೋದ ವಾರದ ಗಂಟು ಯಾರೂ ಬಿಚ್ಚಿರಲಿಲ್ಲ,
ದುಡ್ಡಿನ ಮೇಲೆ ದುಡ್ಡು ಕೂತಿತ್ತು.
ಯಾರೂ ಕಣ್ಣೆತ್ತಿ ನೋಡದ ಕುದುರೆಗಳನ್ನೇ ಆರಿಸಿದರು.
ನಾಲ್ಕು ಬಂದವು. ಐದನೆಯದರಲ್ಲಿ ನಮ್ಮ ಬೂದಿ ಬಣ್ಣದ ಹೆಣ್ಣು
ಕತ್ತಿನಳತೆಯಲ್ಲಿ ಹಿಂದೆ ಬಿತ್ತು.
ನನಗೆ ರೊಟ್ಟಿ ಇಳಿಯಲಿಲ್ಲ.
ಅವರು ಶೇಂಗಾ ಹಿಂಡಿ ನೆಕ್ಕಿ ಬೆರಳು ಒರೆಸಿಕೊಂಡು
“ಮಾಲೂ ಛಲೋ ಇತ್ತು, ರೇಟೂ ಛಲೋ ಇತ್ತು” ಅಂದು
ಸೇಡಂವರೆಗೆ ಗೊರಕೆ ಹೊಡೆದರು.

ಮನೆಯಲ್ಲಿ ಇಂದುಬಾಯಿ ಚೀಟಿ ನೋಡಿದರು.
ಓದು ನಾಲ್ಕನೆಯ ಇಯತ್ತೆ. ಲೆಕ್ಕ ತಪ್ಪಿಲ್ಲ ಅಂದರು.
ಆಮೇಲೆ, ಅಕ್ಕಿ ಆರಿಸುತ್ತಲೇ,
“ಈ ಅರ್ಧಕ್ಕರ್ಧ ಎಲ್ಲಿಂದ ತಂದ್ರಿ?”

ಚಂದ್ರಶಾ ಬಾಯಿ ತೆರೆದರು.
ಪರಖಿ ಇಳಿಯದ ಚೀಲದ ಮುಂದೆ ನಿಂತವರ ಹಾಗೆ
ಹಾಗೇ ಇದ್ದರು.

ಈಗ ಆ ಪರಖಿ ನನ್ನ ಕೈಯಲ್ಲಿದೆ.
ಕಾಳು ಕಚ್ಚುತ್ತೇನೆ, ಕಟ್ ಅನ್ನುತ್ತದೆ.
ರೈತರು, ದಲಾಲರು ನನ್ನ ಬಾಯಿ ನೋಡುತ್ತಾರೆ.
ರೇಟು ಹೇಳುವ ಮೊದಲು
ಇನ್ನೊಂದು ಕಾಳು ಕಚ್ಚುತ್ತೇನೆ.