ಕಂಬಿ ತುಂಡು

ಮಾಲ್ದಾರೆಯ ನಮ್ಮ ತೋಟದಲ್ಲಿ ಗಂಟೆ ಅಂದರೆ
ನೇರಳೆ ಕೊಂಬೆಗೆ ಕಟ್ಟಿದ ಒಂದು ಮೊಳ ರೈಲು ಕಂಬಿ.
ರೈಲೇ ಬಾರದ ಕೊಡಗಿಗೆ ಅದು ಹೇಗೆ ಬಂತೋ
ಯಾರೂ ಕೇಳಿದವರಿಲ್ಲ.
ಏಳೂವರೆಗೆ ಬಾರಿಸುವವನು ನಾನು,
ಹತ್ತೊಂಬತ್ತು ವರ್ಷದಿಂದ.

ಮೊದಲ ಏಟಿಗೆ ಲೈನ್‌ಮನೆಯ ನಾಯಿಗಳು ಮೈಮುರಿಯುತ್ತವೆ.
ಎರಡಕ್ಕೆ ಪಾಲಿ ಎಲೆಯಡಿಕೆ ಗಂಟನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ.
ಮೂರಕ್ಕೆ, ಹನ್ನೊಂದನೇ ಬ್ಲಾಕಿನಲ್ಲಿ
ಕೊಂಬೆ ಮುರಿಯುವ ಸದ್ದು ನಿಲ್ಲುತ್ತದೆ.
ಒಂದು ಉಸಿರು.
ಆಮೇಲೆ ದೊಡ್ಡ ಹೊಟ್ಟೆಗಳು ಕಾಫಿ ಗಿಡ ಸವರಿಕೊಂಡು
ಕಾಡಿನ ಕಡೆ ಇಳಿಯುತ್ತವೆ,
ಪಾಳಿ ಮುಗಿದವರ ಹಾಗೆ.

ಯಾರೂ ಹೇಳಿಕೊಟ್ಟದ್ದಲ್ಲ.
ನಾವು ಹೇಳಿಕೊಟ್ಟದ್ದು ಬೇರೆ.
ಗರ್ನಾಲಿಗೆ ಮೊದಲ ವರ್ಷ ಓಡಿದವು,
ಮರುವರ್ಷ ಕಿವಿ ಅಗಲಿಸಿ ನಿಂತವು,
ಅದರ ಮರುವರ್ಷ ಹಲಸು ಜಗಿಯುತ್ತಲೇ
ಹೊಗೆ ಆರುವುದನ್ನು ನೋಡಿದವು.
ಬೇಲಿಗೆ ಕರೆಂಟು ಬಿಟ್ಟೆವು. ಸೊಂಡಿಲಿಗೆ ಒಮ್ಮೆ ತಗುಲಿತು, ಅಷ್ಟೇ.
ಹರಕು ಕಿವಿಯ ತಾಯಿ ಎಲ್ಲಿಂದಲೋ
ಒಣಗಿದ ಸಿಲ್ವರ್ ಮರ ಎಳೆದು ತಂದು
ತಂತಿಯ ಮೇಲೆ ಕೆಡವಿ ದಾಟಿದಳು.
ಮರಿ ಹಿಂದೆ ನಿಂತು ನೋಡುತ್ತಿತ್ತು.

ಅಸ್ಸಾಮಿನಿಂದ ಬಂದ ಮೊಯ್ನುಲ್ ಕಲಿತ ಮೊದಲ ಕನ್ನಡ ‘ನಿಲ್ಲು’,
ಎರಡನೆಯದು ‘ಓಡು’.
ಯಾವುದು ಯಾವಾಗ ಅನ್ನುವುದು ಮಾತಿನಲ್ಲಿಲ್ಲ.
ಅದಕ್ಕೆ ಪಾಲಿಯ ಹಿಂದೆ ನಡೆಯಬೇಕು,
ಅವಳ ಮೂಗು ತಿರುಗಿದ ಕಡೆ ತಿರುಗಬೇಕು.
ಮಳೆ ಹಿಂದಾಗುವಷ್ಟರಲ್ಲಿ
ಅವನ ಮೂಗು ಎರವ ಭಾಷೆ ಆಡುತ್ತಿತ್ತು.

ಹೋದ ಸಲ ಹಲಸು ಹಣ್ಣಾಗುವ ಹೊತ್ತಿಗೆ ಕಂಬಿ ಕಳುವಾಯಿತು.
ಗುಜರಿಗೆ ಹೋಗಿರಬೇಕು. ಬರೀ ಹಗ್ಗ ತೂಗುತ್ತಿತ್ತು.
ರೈಟರ್ ಬೆಳ್ಳಿಯಪ್ಪನವರು ಎಲ್ಲರ ಮೊಬೈಲಿಗೂ ಮೆಸೇಜು ಹಾಕಿದರು.
ಜನ ಬಂದರು.
ಹನ್ನೊಂದನೇ ಬ್ಲಾಕಿನಲ್ಲಿ ಎಂಟಾದರೂ ಲಟಲಟ.
ಅವು ಭಾನುವಾರ ಅಂದುಕೊಂಡಿದ್ದವು.

ತೂತು ಬಿದ್ದ ಬಾಣಲೆ ತಂದು ಬಾರಿಸಿದೆ.
ಕೇಳಿಸಿಕೊಂಡವು. ಆದರೆ ಆ ಸದ್ದಿಗೆ
ಇನ್ನೂ ಅರ್ಥ ಹುಟ್ಟಿರಲಿಲ್ಲ.
ದಿನಾ ಬಾಣಲೆ, ಹಿಂದೆಯೇ ಜನರ ಮಾತು, ಕತ್ತಿಯ ಸದ್ದು.
ಹನ್ನೆರಡನೇ ಬೆಳಿಗ್ಗೆ ಕೊಂಬೆ ಸುಮ್ಮನಾಯಿತು.

‘ಕಲಿಸಿದೆ ನೋಡು’ ಅಂದೆ.
ಪಾಲಿ ಎಲೆಗೆ ಸುಣ್ಣ ಸವರುತ್ತ,
‘ಬಾಣಲೆಗಲ್ಲ ಅವು ಏಳೋದು.
ಬಾರಿಸೋ ಮೊದಲು ಕೆಮ್ಮುತ್ತೀಯಲ್ಲ,
ಬೀಡಿ ಕೆಮ್ಮು, ಅದಕ್ಕೆ.’

ಮಾರನೆಯ ದಿನ ಬಾಣಲೆ ಕೆಳಗಿಟ್ಟು
ಬರೀ ಕೆಮ್ಮಿದೆ.
ಒಂದು ಉಸಿರು.
ಹೊಟ್ಟೆಗಳು ಗಿಡ ಸವರಿಕೊಂಡು ಇಳಿದವು.

ಈಗ ಭಾನುವಾರವೂ ಏಳೂವರೆಗೆ
ಗಂಟಲು ತಾನಾಗಿ ಕೆರೆಯುತ್ತದೆ.
ಟವೆಲನ್ನು ಬಾಯಿಗೊತ್ತಿಕೊಂಡು ಜಗಲಿಯಲ್ಲಿ ಕೂರುತ್ತೇನೆ.
ತಿನ್ನಲಿ,
ವಾರಕ್ಕೊಂದು ದಿನ ನಿಧಾನವಾಗಿ.