ಲೆಕ್ಕದ ಕ್ಲಿಪ್ಪು

ನಮ್ಮ ದ್ವೀಪಕ್ಕಿರುವುದು ಒಂದೇ ರಸ್ತೆ.
ಹಡಗುಕಟ್ಟೆಯಲ್ಲಿ ಹುಟ್ಟಿ, ಇಗರ್ಜಿ ದಾಟಿ,
ದೀಪಸ್ತಂಭದ ಬುಡದಲ್ಲಿ ಸುಮ್ಮನಾಗುತ್ತದೆ.
ಹೋಗಿ ಬಂದರೆ ಮೂರೂವರೆ ಕಿಲೋಮೀಟರು.
ಅದರಾಚೆ ಹುಲ್ಲು, ಹುಲ್ಲಿನಾಚೆ ಪ್ರಪಾತ,
ಕೆಳಗೆ ಫ್ಯಾರೋ ದ್ವೀಪಗಳ ಕಡಲು,
ಅದಕ್ಕೆ ಯಾರ ಅಳತೆಯೂ ಬೇಕಿಲ್ಲ.

ಅಂಚೆ ಹಂಚುವ ಮರ್ಯುನ್, ನಲವತ್ತೇಳರ ಹೆಂಗಸು,
ನವೆಂಬರಿನ ಒಂದು ಕತ್ತಲ ಬೆಳಗ್ಗೆ
ಹಣೆಗೆ ದೀಪ ಕಟ್ಟಿಕೊಂಡು ಓಡತೊಡಗಿದಳು.
ಮೊದಲ ದಿನ ಇಗರ್ಜಿಯ ಗೋಡೆಯವರೆಗೆ ಓಡಿ
ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು.
ಯಾಕೆ ಓಡುತ್ತೀಯೆ ಎಂದು ಯಾರೂ ಕೇಳಲಿಲ್ಲ.
ಮೂವತ್ತೊಂದು ಜನರಿರುವ ಊರಲ್ಲಿ
ಕೇಳಿದರೆ ಉತ್ತರವನ್ನೂ ಕೇಳಬೇಕಾಗುತ್ತದೆ.

ಅವಳಿಗಿಂತ ಹೆಚ್ಚು ಗಾಳಿಯೇ ಓಡಿತು ಆ ಚಳಿಗಾಲ.
ಹೋಗುವಾಗ ಎದುರುಗಾಳಿ; ಬರುವಾಗ ಬೆನ್ನಿಗಾದೀತೆಂದರೆ
ಅಷ್ಟರಲ್ಲಿ ಅದೂ ತಿರುಗಿ ನಿಂತಿರುತ್ತಿತ್ತು,
ಸಾಲ ಕೊಟ್ಟವನ ಹಾಗೆ.

ಫೆಬ್ರವರಿಯಲ್ಲಿ ನನ್ನ ಬಾಗಿಲು ತಟ್ಟಿದಳು:
"ಬೈನಿರ್, ಐದಾರು ಸುತ್ತಾದ ಮೇಲೆ
ತಲೆ ನಿಲ್ಲುವುದಿಲ್ಲ. ನೀನು ಎಣಿಸು."
ನಲವತ್ತು ವರ್ಷ ಫೆರಿಯ ಹಗ್ಗ ಎಸೆದವನು ನಾನು;
ಹತ್ತಿದ ತಲೆ, ಇಳಿದ ತಲೆ, ಕುರಿಗಳ ಸಮೇತ,
ಎಣಿಕೆ ಒಮ್ಮೆಯೂ ತಪ್ಪಿಲ್ಲ.
ಮಂಡಿ ಎರಡೂ ಸವೆದಿವೆ. ಕಿಟಕಿ ಇದೆ.
ಒಪ್ಪಿದೆ.

ಅವಳು ಕಟ್ಟೆಯ ಗೂಟಕ್ಕೆ ಕೈ ಬಡಿದು ತಿರುಗಿದಾಗೆಲ್ಲ
ಬುಟ್ಟಿಯಿಂದೊಂದು ಬಟ್ಟೆ ಕ್ಲಿಪ್ಪು ಹಗ್ಗಕ್ಕೆ.
ಹನ್ನೆರಡಾದರೆ ನಲವತ್ತೆರಡು.
ಮಿಕ್ಕ ನೂರ ತೊಂಬತ್ತೈದು ಮೀಟರನ್ನು
ಮೀನಿನ ದಾರ ಹಿಡಿದು ನಾನೇ ಅಳೆದೆ:
ಗೂಟದಿಂದ ಇಗರ್ಜಿಯ ಗೇಟಿಗೆ, ಎರಡು ಗೇಣು ಕಡಿಮೆ.

ಮಾರ್ಚಿನಲ್ಲಿ ನಾಲ್ಕು ಕ್ಲಿಪ್ಪು. ಆಮೇಲೆ ಆರು.
ಕಾಲಿನ ಉಗುರೊಂದು ಹೋಯಿತು; ತಂದು ತೋರಿಸಿದಳು,
ಕಪ್ಪೆಚಿಪ್ಪು ಸಿಕ್ಕಿದ ಹುಡುಗಿಯ ಮುಖ ಮಾಡಿ.
ಏಪ್ರಿಲ್‌ಗೆ ಒಂಬತ್ತು.
ಅಷ್ಟೇ ಸಾಕು, ಉಳಿದದ್ದು ಓಟದ ದಿನಕ್ಕೆ
ಎನ್ನುತ್ತದಂತೆ ಅವಳ ಪುಸ್ತಕ.
"ಬರೆದವನು ಈ ಗಾಳಿ ಕಂಡಿಲ್ಲ" ಎಂದಳು.

ಮೇ ತಿಂಗಳ ಆ ಶನಿವಾರ ಮಂಜು ಇಳಿಯಿತು.
ಮೊದಲು ರಸ್ತೆ ಅಳಿಸಿಹೋಯಿತು, ಆಮೇಲೆ ಬೇಲಿ.
ಕಿವಿಯಲ್ಲೇ ಎಣಿಸಿದೆ: ತಪ್ ತಪ್ ತಪ್,
ಗೂಟಕ್ಕೊಂದು ಏಟು, ಮತ್ತೆ ತಪ್ ತಪ್.
ಎಂಟು. ಒಂಬತ್ತು.
ಹತ್ತನೆಯ ಕ್ಲಿಪ್ಪು ಬೆರಳಲ್ಲಿ ಹಿಡಿದು ಕಾದೆ.
ಚಹಾ ಆರಿತು. ಹೆಜ್ಜೆ ಬರಲಿಲ್ಲ.
ಕೋಟು ಎಳೆದುಕೊಂಡು, ಕೋಲೂರಿ, ಬಿಳುಪಿನೊಳಗೆ ಹೊಕ್ಕೆ.

ಇಗರ್ಜಿಯಾಚೆ, ಚರಂಡಿಯ ಪಕ್ಕ, ಕೂತಿದ್ದಳು.
ಕುರಿಯೊಂದು ಬೆನ್ನಡಿಯಾಗಿ ಉರುಳಿ
ಏಳಲಾರದೆ ಆಕಾಶ ಒದೆಯುತ್ತಿತ್ತಂತೆ.
ಎಬ್ಬಿಸಿ ನಿಲ್ಲಿಸಿ ತಬ್ಬಿ ಹಿಡಿದಿದ್ದಳು,
ಕೂಡಲೇ ಬಿಟ್ಟರೆ ಮತ್ತೆ ಬೀಳುತ್ತದೆ;
ಕಾಲಿಗೆ ರಕ್ತ ಬರುವ ತನಕ ಯಾರಾದರೂ ಹಿಡಿದಿರಬೇಕು.
ನಡುಗುತ್ತಿದ್ದ ಕಾಲು ಯಾರದೋ, ಅವಳದೋ ಅದರದೋ.
ಇನ್ನೊಂದು ಬದಿ ನಾನು ಹಿಡಿದೆ. ಮಾತಿಲ್ಲ.
ಒದ್ದೆ ಉಣ್ಣೆಯ ವಾಸನೆ, ಮೂವರ ಉಸಿರು.
ಕೊನೆಗೆ ಕುರಿ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು,
ತಿರುಗಿ ನೋಡುವ ಜಾತಿಯಲ್ಲ ಅದು.
ಮರ್ಯುನ್ ಎದ್ದಳು. ಓಡಿದಳು.
ನಾನಿನ್ನೂ ಕುಂಟುತ್ತ ದಾರಿಯಲ್ಲಿದ್ದಾಗಲೇ
ಗೂಟಕ್ಕೆ ಏಟು ಬಿತ್ತು.

ಸಂಜೆ ಆ ಗೂಟಕ್ಕೇ ಒರಗಿ "ಹನ್ನೆರಡು" ಎಂದಳು.
ಹಗ್ಗ ನೋಡಿ "ಹನ್ನೊಂದು" ಎಂದೆ.
ಬಹಳ ಹೊತ್ತು ನನ್ನ ಮುಖ ನೋಡಿದಳು,
ಎಣಿಕೆ ತಪ್ಪದವನ ಮುಖ.
ನೀರು ಕುಡಿದು, ಇಗರ್ಜಿಯಲ್ಲಿ ಆಡಬಾರದ ಒಂದು ಮಾತಾಡಿ,
ಮತ್ತೆ ಮಂಜಿಗೆ ಇಳಿದಳು.

ಇವತ್ತು ಬೆಳಗಿನ ಫೆರಿಗೆ ಟೋರ್ಶಾವ್ನ್‌ಗೆ ಹೊರಟಳು, ಓಟಕ್ಕೆ.
ಕಟ್ಟೆಗೆ ಹೋದವನು ಚಳಿಗೆ ಕೋಟಿನ ಕಿಸೆಗೆ ಕೈ ಹಾಕಿದೆ.
ಅಲ್ಲಿತ್ತು.
ಮರದ ಕ್ಲಿಪ್ಪು, ಹಲ್ಲಿನಲ್ಲಿ ಎರಡೆಳೆ ಉಣ್ಣೆ.

ಫೆರಿಯ ಹಗ್ಗ ಇನ್ನೂ ಬಿಚ್ಚಿರಲಿಲ್ಲ.
ಕಂಬಿಗೆ ಆತು ನಿಂತಿದ್ದಳು, ಮುಖ ಹಾಲು ಬಿಳುಪು.
"ಆಗುತ್ತದಾ, ಬೈನಿರ್?"
ಆಗಿಹೋಗಿದೆ ಮಾರಾಯ್ತಿ, ಮೂರೂವರೆ ಹೆಚ್ಚೇ ಆಗಿದೆ,
ಎಂಬುದು ನಾಲಿಗೆಯ ತುದಿಗೆ ಬಂತು.
ಕಿಸೆಯೊಳಗೆ ಕ್ಲಿಪ್ಪು ಅಮುಕಿದೆ.
ಅದು ನನ್ನ ಬೆರಳು ಕಚ್ಚಿತು.
"ಹಗ್ಗ ಬಿಡು" ಎಂದೆ, ಫೆರಿಯ ಹುಡುಗನಿಗೆ.